ಆಶ್ರಿತ್ ಆಡಿದ ಏಳು ಪಂದ್ಯ

ಆಶ್ರಿತ್ ತೀರಿಕೊಂಡ. ೨೦೧೦ರ ಫೆಬ್ರವರಿ ಒಂಬತ್ತು, ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ, ಡೆಟ್ರಾಯಿಟ್ ಹತ್ತಿರದ ಕ್ಯಾಂಟನ್ನಿನ ಹೈಸ್ಕೂಲಿನ ಪಾರ್ಕಿಂಗ್ ಲಾಟಿನಲ್ಲಿ, ತನ್ನ ಕಾರಿನ ಪಕ್ಕದಲ್ಲಿ. ಹೃದಯ ನಿಂತುಹೋಯಿತು. ಅವನಿಗೆ ಇಪ್ಪತ್ತನಾಲ್ಕು ವರ್ಷ.

ಕನ್ನಡ ಕೂಟದಿಂದ ಬಂದ ಇಮೇಲಿನಲ್ಲಿ ‘ಹಠಾತ್ ನಿಧನ’ ಎಂದಿತ್ತು. ಅದು ಪೂರ್ತಿ ಸರಿಯಲ್ಲ. ಅವನ ಹೃದಯದ ವಿಷಯ ಎಂಟು ತಿಂಗಳಿಂದ ನಮಗೆ ಗೊತ್ತಿತ್ತು. ನಮಗೆ ಎಂದರೆ ಅವನ ತಂದೆ ಚಂದ್ರಮೌಳಿ, ತಾಯಿ ಪದ್ಮ, ಡಾಕ್ಟರ್ ಗೋಪಿ ಮತ್ತು ನಾನು. ಕೂಟದ ಸಂಚಿಕೆಗೆ ಅವನ ಬಗ್ಗೆ ಬರೆಯಬೇಕೆಂದು ಪದ್ಮ ಅವರೇ ಕೇಳಿದರು. ಎಲ್ಲವನ್ನೂ ಬರೆಯಲೇ ಎಂದು ಕೇಳಿದೆ. “ಎಲ್ಲಾ ಬರೀರಿ ಶ್ರೀಕಾಂತ್. ಮುಚ್ಚಿಟ್ಟಿದ್ದು ಸಾಕು” ಎಂದರು.

ನಾನು ೧೯೯೯ರಲ್ಲಿ ಮೈಸೂರಿನಿಂದ ಡೆಟ್ರಾಯಿಟ್ಟಿಗೆ ಬಂದೆ. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ಭಾನುವಾರ ಕೂಟದ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದೆ. ಮೊದಲ ತರಗತಿಯ ದಿನವೇ ಹದಿನಾಲ್ಕು ವರ್ಷದ ಹುಡುಗನೊಬ್ಬ ಕೂತ ಮಡಚುವ ಕುರ್ಚಿ ಮುರಿದು ನೆಲಕ್ಕೆ ಬಿತ್ತು. ಅವನು ಕುರ್ಚಿಯ ಎರಡು ತುಂಡನ್ನೂ ಕೈಯಲ್ಲಿ ಹಿಡಿದು ನಿಂತು “ಸಾರಿ ಅಂಕಲ್” ಎಂದ.

“ಅಂಕಲ್ ಅನ್ನಬೇಡಪ್ಪ, ನನಗಿನ್ನೂ ಇಪ್ಪತ್ತೈದು.”

“ಹೆಸರಿಡಿದು ಕರೆದ್ರೆ ಅಮ್ಮ ಬೈತಾಳೆ.”

“ಮೇಷ್ಟ್ರೇ ಅನ್ನು ಹಾಗಾದ್ರೆ.”

ಅವತ್ತಿನಿಂದ ಕೊನೆಯವರೆಗೂ ನಾನು ಆಶ್ರಿತನಿಗೆ ಮೇಷ್ಟ್ರು. ಅವನ ಕನ್ನಡ ಚೆನ್ನಾಗಿತ್ತು. ಕೋಪ ಬಂದಾಗ ಮಾತ್ರ ಇಂಗ್ಲಿಷ್ ಮಾತಾಡುತ್ತಿದ್ದ, ಅದು ವರ್ಷಕ್ಕೆ ಒಂದೆರಡು ಸಲ.

ಅವನ ಗಾತ್ರದ ಬಗ್ಗೆ ಕೂಟದಲ್ಲಿ ಎಲ್ಲರಿಗೂ ಒಂದೊಂದು ತಮಾಷೆ ಇತ್ತು. ಹೈಸ್ಕೂಲು ಮುಗಿಸುವಾಗ ಆರಡಿ ಮೂರಂಗುಲ, ಇನ್ನೂರ ಅರವತ್ತು ಪೌಂಡು. ಮನೆಯವರು ಶುದ್ಧ ಸಸ್ಯಾಹಾರಿಗಳು. ಆ ಮೈಯೆಲ್ಲ ಚಪಾತಿ, ಹುಳಿ, ಮೊಸರನ್ನದ್ದು. ಪದ್ಮ ಅವರು ಇಂಡಿಯನ್ ಸ್ಟೋರಿನಿಂದ ಮೊಸರನ್ನು ಬಕೆಟ್ಟಿನಲ್ಲಿ ತರುತ್ತಿದ್ದರು. ಶಾಲೆಯ ಅಮೆರಿಕನ್ ಫುಟ್‌ಬಾಲ್ ಕೋಚ್ ಅವನನ್ನು ಕಾರಿಡಾರಿನಲ್ಲಿ ನೋಡಿ ನೇರವಾಗಿ ಮೈದಾನಕ್ಕೆ ಕರೆದುಕೊಂಡು ಹೋದರಂತೆ. ಎದುರಾಳಿಯನ್ನು ತಡೆಯುವ ಡಿಫೆನ್ಸಿವ್ ಲೈನಿನಲ್ಲಿ, ಸರಿಯಾಗಿ ನಡುವೆ, ಅವನನ್ನು ನಿಲ್ಲಿಸಿದರು.

ಆ ಜಾಗದ ಕೆಲಸ ಏನೆಂದು ನಮ್ಮವರಿಗೆ ವಿವರಿಸುವುದು ಸುಲಭವಿರಲಿಲ್ಲ. ಒಂದು ಯುಗಾದಿ ಊಟದಲ್ಲಿ ಹಿರಿಯರೊಬ್ಬರು ಕೇಳಿದರು. “ಎಷ್ಟು ಗೋಲ್ ಹೊಡ್ದಿದೀಯಪ್ಪ?”

“ನಾನು ಬಾಲ್ ಮುಟ್ಟೋದೇ ಇಲ್ಲ ಅಂಕಲ್.”

“ಮತ್ತಿನ್ನೇನು ಮಾಡ್ತೀಯ?”

“ಎದುರುಗಡೆಯವರು ಇಬ್ಬರು ಬಂದು ನನ್ನ ತಳ್ತಾರೆ. ನಾನು ಬೀಳಬಾರದು. ಇಬ್ಬರೂ ನನ್ನ ಹತ್ರಾನೇ ಸಿಕ್ಕೊಂಡಿದ್ರೆ ನಮ್ಮವನೊಬ್ಬ ಫ್ರೀ ಆಗ್ತಾನೆ. ಅವನು ಹೋಗಿ ಬಾಲ್ ಇರೋನನ್ನ ಹಿಡೀತಾನೆ.”

“ಅಂದ್ರೆ ಹೆಸರು ಅವನಿಗೆ, ಏಟು ನಿನಗೆ.”

“ಕರೆಕ್ಟ್ ಅಂಕಲ್” ಎಂದು ಅವನು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡ.

ಈಗ ಒಂದು ಫಾರಮ್ಮಿನ ವಿಷಯ ಹೇಳಬೇಕು. ಆಟ ಆಡುವ ಮಕ್ಕಳು ಪ್ರತಿ ವರ್ಷ ಆರೋಗ್ಯದ ಫಾರಂ ಕೊಡಬೇಕು. ಒಂದು ಬದಿಯನ್ನು ತಂದೆತಾಯಿ ತುಂಬುತ್ತಾರೆ, ಇನ್ನೊಂದು ಬದಿಗೆ ಡಾಕ್ಟರು ಸಹಿ ಮಾಡುತ್ತಾರೆ. ನಮ್ಮವರ ಮಕ್ಕಳಿಗೆಲ್ಲ ಸಹಿ ಮಾಡುತ್ತಿದ್ದವರು ಫಾರ್ಮಿಂಗ್ಟನ್ ಹಿಲ್ಸಿನ ಗೋಪಿ ಡಾಕ್ಟರು. ಶಾಲೆ ಶುರುವಾಗುವ ಮುಂಚಿನ ಅವರ ಮನೆಯ ವರಮಹಾಲಕ್ಷ್ಮಿ ಪೂಜೆಗೆ ಎಲ್ಲ ತಾಯಂದಿರೂ ಹಣ್ಣುಕಾಯಿಯ ಜೊತೆ ಫಾರಮ್ಮನ್ನೂ ತರುತ್ತಿದ್ದರು. ಹೆಂಗಸರು ಮುಂದಿನ ಕೋಣೆಯಲ್ಲಿ ಅರಿಶಿನ ಕುಂಕುಮ ತೆಗೆದುಕೊಳ್ಳುವಾಗ ಮಕ್ಕಳು ಒಳಕೋಣೆಯ ಬಾಗಿಲಲ್ಲಿ ಸಾಲು ನಿಲ್ಲುತ್ತಿದ್ದರು. ಡಾಕ್ಟರು ರೇಷ್ಮೆ ಪಂಚೆಯ ಮೇಲೆ ಸ್ಟೆತಸ್ಕೋಪ್ ಹಾಕಿಕೊಂಡು ಒಬ್ಬೊಬ್ಬರದೂ ಎದೆ ಬೆನ್ನು ಮುಟ್ಟಿ, “ನೆಕ್ಸ್ಟ್, ಬಾರೋ ಭೀಮಾ” ಎನ್ನುತ್ತಿದ್ದರು. ಅಪಾಯಿಂಟ್‌ಮೆಂಟ್ ಇಲ್ಲ, ಕಾಯುವುದಿಲ್ಲ, ಊಟ ಬೇರೆ. ಅದೊಂದು ಅನುಕೂಲ ಎಂದು ನಾವೆಲ್ಲ ಹೆಮ್ಮೆಪಡುತ್ತಿದ್ದೆವು.

ತಂದೆತಾಯಿ ತುಂಬುವ ಬದಿಯಲ್ಲಿ ಒಂದು ಪ್ರಶ್ನೆ ಇದೆ. ಮನೆತನದಲ್ಲಿ ಯಾರಾದರೂ ಐವತ್ತು ವರ್ಷದೊಳಗೆ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ? ಹೌದು, ಇಲ್ಲ ಎಂದು ಎರಡು ಚೌಕ. ಶಾಲೆಯಲ್ಲಿ ನಾಲ್ಕು ವರ್ಷ, ಕಾಲೇಜಿನಲ್ಲಿ ನಾಲ್ಕು ವರ್ಷ, ಪದ್ಮ ಅವರು ‘ಇಲ್ಲ’ ಎಂಬಲ್ಲಿ ಗುರುತು ಹಾಕಿದರು.

೨೦೦೮ರ ಮೇ ತಿಂಗಳಲ್ಲಿ ಆಶ್ರಿತ್ ಮಿಷಿಗನ್ನಿನ ಸಣ್ಣ ಕಾಲೇಜೊಂದರಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿದ. ರಸ್ತೆ ವಿನ್ಯಾಸ ಮಾಡುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಸೇರುವ ಮುಂಚೆಯೇ, ಅಕ್ಟೋಬರಿನಲ್ಲಿ, ಆ ಕೆಲಸ ಇಲ್ಲ ಎಂದು ಪತ್ರ ಬಂತು. ನವೆಂಬರಿನಲ್ಲಿ ಚಂದ್ರಮೌಳಿ ಅವರ ಪ್ಲಾಂಟ್ ಮುಚ್ಚಿತು. ಕೆಲಸದ ಜೊತೆ ಇಡೀ ಮನೆಯ ಆರೋಗ್ಯ ವಿಮೆಯೂ ಹೋಯಿತು. ಫೆಬ್ರವರಿಯಲ್ಲಿ ನನ್ನ ಸರದಿ. ಆ ಚಳಿಗಾಲ ಕೂಟದ ಊಟಗಳಲ್ಲಿ ಯಾರೂ ಯಾರನ್ನೂ ‘ಕೆಲಸ ಹೇಗಿದೆ’ ಎಂದು ಕೇಳುತ್ತಿರಲಿಲ್ಲ. ಹವಾಮಾನದ ಬಗ್ಗೆ ಬಹಳ ಮಾತಾಡುತ್ತಿದ್ದೆವು.

ಆಗಲೇ ಶಿಕಾಗೋದ ಪಶ್ಚಿಮಕ್ಕೆ ಹೊಸದಾಗಿ ಶುರುವಾದ ಒಳಾಂಗಣ ಫುಟ್‌ಬಾಲ್ ತಂಡವೊಂದು ಆಟಗಾರರನ್ನು ಆರಿಸುತ್ತಿದೆ ಎಂದು ಗೊತ್ತಾಗಿ ಆಶ್ರಿತ್ ಹೋಗಿ ಬಂದ. ಆಯ್ಕೆಯಾದ. ಟೀವಿಯಲ್ಲಿ ಬರುವ ದೊಡ್ಡ ಲೀಗಿಗೂ ಅದಕ್ಕೂ ಸಂಬಂಧವಿಲ್ಲ. ಐಸ್-ಹಾಕಿ ಆಟದ ಅಂಗಳದ ಮೇಲೆ ಹಸಿರು ಹಾಸು ಹಾಸಿ, ಒಂದು ಕಡೆಗೆ ಎಂಟೇ ಜನ ಆಡುವ ಆಟ. ಆದರೂ ಆಡಿದ್ದಕ್ಕೆ ಚೆಕ್ಕು ಕೊಡುತ್ತಿದ್ದರು. “ಮೇಷ್ಟ್ರೇ, ಈಗ ನಾನು ಪ್ರೊಫೆಷನಲ್. ನಮ್ಮ ಮನೇಲಿ ಕೆಲಸದಲ್ಲಿರೋನು ನಾನೊಬ್ಬನೇ” ಎಂದು ನಕ್ಕ.

ಚಂದ್ರಮೌಳಿ ಕೇಳಿದವರಿಗೆಲ್ಲ “ಶಿಕಾಗೋಲಿ ಒಂದು ಪ್ರಾಜೆಕ್ಟ್ ಮೇಲಿದಾನೆ” ಎನ್ನುತ್ತಿದ್ದರು. ಪದ್ಮ ಅವರು ಮಾತ್ರ ಒಂದು ಆಟವನ್ನೂ ನೋಡಲು ಹೋಗಲಿಲ್ಲ. ಹೈಸ್ಕೂಲಿನಲ್ಲೂ ಹೋದವರಲ್ಲ. “ಹೊಡೆದಾಡೋದನ್ನ ಏನು ನೋಡೋದು” ಎನ್ನುತ್ತಿದ್ದರು. ನಾನು ಅದನ್ನೇ ನಂಬಿದ್ದೆ.

ಆಶ್ರಿತ್ ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ ಪ್ರಭಾವತಿ ಆಂಟಿಯ ಮನೆಯ ಬೇಸ್‌ಮೆಂಟಿನಲ್ಲಿದ್ದ. ಧಾರವಾಡದ ಕಡೆಯವರು. ಮಕ್ಕಳು ಕಾಲೇಜಿಗೆ ಹೋಗಿ ಮನೆ ಖಾಲಿಯಾಗಿತ್ತು. ನಾನು ಮೊದಲ ಸಲ ಹೋದಾಗ ಅವರು ಒಲೆಯ ಮುಂದೆ ನಿಂತು ರೊಟ್ಟಿ ಬೇಯಿಸುತ್ತಲೇ ಇದ್ದರು.

“ಏನ್ ತಮ್ಮಾ, ಸಾಕೇನ?”

“ಇನ್ನೆರಡು ಆಂಟಿ.”

“ಹನ್ನೊಂದು ಆದ್ವು. ನಿನ್ನ ಜೋಡಿ ಆಡಾವ್ರು ನಿನ್ನ ದೂಡೂದಿಲ್ಲೋ ಮಾರಾಯ, ನನ್ನ ರೊಟ್ಟಿ ದೂಡ್ತಾರ.”

ನನಗೆ ಕೆಲಸವಿರಲಿಲ್ಲವಾದ್ದರಿಂದ ಏಳರಲ್ಲಿ ನಾಲ್ಕು ಪಂದ್ಯ ನೋಡಿದೆ. ಕ್ಯಾಂಟನ್ನಿನಿಂದ ಸುಮಾರು ಇನ್ನೂರ ಎಂಬತ್ತು ಮೈಲಿ. ಮೊದಲ ದಿನ ಅವನು ಹೇಳಿಕೊಟ್ಟಿದ್ದ. “ಬಾಲ್ ಎಲ್ಲಿದೆ ಅಂತ ಹುಡುಕಬೇಡಿ ಮೇಷ್ಟ್ರೇ. ನನ್ನ ಕಾಲು ನೋಡಿ. ಕಾಲು ಹಿಂದಕ್ಕೆ ಹೋಗದಿದ್ರೆ ನಾನು ಗೆದ್ದೆ ಅಂತ.” ಹಾಗೆಯೇ ನೋಡಿದೆ. ಒಂದು ಕೈ ನೆಲಕ್ಕೂರಿ ಬಗ್ಗಿ ಕಾಯುವನು. ಬಾಲ್ ಅಲುಗಿದ ಕ್ಷಣ ಇಬ್ಬರು ಅವನ ಎದೆಗೆ ಬಂದು ಬೀಳುವರು. ಅವನ ಕಾಲು ಹಿಂದಕ್ಕೆ ಹೋಗುತ್ತಿರಲಿಲ್ಲ. ಅವನ ಬೆನ್ನ ಹಿಂದಿನಿಂದ ಬೇರೊಬ್ಬ ಓಡಿಹೋಗಿ ಎದುರಾಳಿಯನ್ನು ಕೆಡವುವನು, ಮೈಕಿನಲ್ಲಿ ಅವನ ಹೆಸರು ಕೂಗುವರು. ಐದನೆಯ ಪಂದ್ಯದಲ್ಲಿ ಒಂದೇ ಒಂದು ಸಲ ಇಬ್ಬರನ್ನೂ ಸರಿಸಿ ತಾನೇ ನುಗ್ಗಿ ಬಾಲ್ ಎಸೆಯುವ ಕ್ವಾರ್ಟರ್‌ಬ್ಯಾಕನ್ನು ಹಿಡಿದ. ಪ್ರಭಾವತಿ ಆಂಟಿ ಶಾಲು ಜಾರಿದ್ದೂ ಗೊತ್ತಾಗದೆ ಎದ್ದು ನಿಂತು “ಬಿಡಬ್ಯಾಡೋ ನನ ಮಗನ!” ಎಂದು ಕೂಗಿದರು. ಸುತ್ತಲಿನವರು ಚಪ್ಪಾಳೆ ತಟ್ಟಿದ್ದು ಅವನಿಗೋ ಆಂಟಿಗೋ ಗೊತ್ತಾಗಲಿಲ್ಲ.

ಮೇ ಕೊನೆಯಲ್ಲಿ ಅವನ ತಂಗಿ ತನಿಷಾಳ ಹುಟ್ಟುಹಬ್ಬಕ್ಕೆಂದು ಅವನನ್ನು ಮನೆಗೆ ಕರೆತರುತ್ತಿದ್ದೆ. ಕಲಮಜೂ ದಾಟುವ ಮುಂಚೆ ಪೆಟ್ರೋಲಿಗೆ ನಿಲ್ಲಿಸಿದ್ದೆ. ಹಣ ಕೊಟ್ಟು ಹೊರಗೆ ಬಂದರೆ ಅವನು ಕಾರಿನ ಪಕ್ಕ ಕಲ್ಲಿನ ಅಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಮುಖ ಬೆವರಿತ್ತು. ತುಟಿಯಲ್ಲಿ ಬಣ್ಣವಿರಲಿಲ್ಲ.

“ಏನಾಯ್ತೋ?”

“ಎರಡು ನಿಮಿಷ ಮೇಷ್ಟ್ರೇ. ಸುತ್ತು ಬಂತು ಅಷ್ಟೇ. ಹೋಗ್ಬಿಡತ್ತೆ.”

“ಮೊದಲೂ ಬಂದಿತ್ತಾ?”

“ಪ್ರಾಕ್ಟೀಸಲ್ಲಿ ಒಂದ್ಸಲ. ಅಮ್ಮನಿಗೆ ಹೇಳ್ಬೇಡಿ. ಆಡಬೇಡ ಅಂತಾಳೆ.”

ನನ್ನ ಬಾಟಲಿಯಲ್ಲಿ ಮಜ್ಜಿಗೆ ಇತ್ತು, ಕೊಟ್ಟೆ. ಊಟ ಸರಿಹೋಗಿಲ್ಲ, ಬಿಸಿಲು ಎಂದು ನಾನೇ ಕಾರಣ ಹೇಳಿದೆ. ಅವನ ಅಮ್ಮನಿಗೆ ಹೇಳಲಿಲ್ಲ. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಪದ್ಮ ಅವರು ತಮ್ಮದನ್ನು ಬರೆಯಲು ಬಿಟ್ಟಿರುವಾಗ ನನ್ನದನ್ನು ನಾನು ಮುಚ್ಚಿಡಲಾರೆ.

ಜೂನ್ ಹದಿಮೂರು, ಶನಿವಾರ, ಮಧ್ಯಾಹ್ನದ ಆಟ. ಏಳನೆಯ ಪಂದ್ಯ. ದ್ವಿತೀಯಾರ್ಧ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಒಂದು ಸುತ್ತಿನ ತಳ್ಳಾಟ ಮುಗಿದು ಎಲ್ಲರೂ ತಮ್ಮ ಜಾಗಕ್ಕೆ ನಡೆಯುತ್ತಿದ್ದರು. ಯಾರೂ ಮುಟ್ಟದೆ ಆಶ್ರಿತ್ ಬಿದ್ದ. ಮೊದಲು ಮಂಡಿ, ಆಮೇಲೆ ಮುಖ. ಅಂಗಳದ ಬದಿಯಲ್ಲಿದ್ದ ಆಂಬುಲೆನ್ಸಿನವರು ಓಡಿಬಂದು ಅವನ ಎದೆಗೆ ಕರೆಂಟು ಕೊಟ್ಟರು. ಬದುಕಿದ.

ನಾನು ಫೋನ್ ಮಾಡಿ ಐದು ಗಂಟೆಯೊಳಗೆ ಅಪ್ಪ ಅಮ್ಮ ಆಸ್ಪತ್ರೆಗೆ ಬಂದರು. ಹೊರಗೆ ಇನ್ನೂ ಬೆಳಕಿತ್ತು. ಹೃದಯದ ಡಾಕ್ಟರು ಅವರನ್ನು ಪಕ್ಕದ ಕೋಣೆಗೆ ಕರೆದರು, ನಾನೂ ಹೋದೆ. ಹೃದಯದ ಗೋಡೆ ದಪ್ಪವಾಗಿದೆ, ಇದು ಹುಟ್ಟಿನಿಂದ ಬಂದದ್ದು, ಮನೆತನದಲ್ಲಿ ಹರಿದು ಬರುವಂಥದ್ದು ಎಂದರು. ನಿಮ್ಮಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರಾ ಎಂದು ಕೇಳಿದರು.

“ಇಲ್ಲ. ಎರಡೂ ಕಡೆ ಇಲ್ಲ” ಎಂದರು ಚಂದ್ರಮೌಳಿ.

ಪದ್ಮ ಅವರು ಕೈಚೀಲದ ಹಿಡಿಯನ್ನು ತಿರುವುತ್ತಾ ಕೂತಿದ್ದರು. ಡಾಕ್ಟರನ್ನು ನೋಡಲಿಲ್ಲ, ಗಂಡನ ಕಡೆ ತಿರುಗಿದರು.

“ಶಿವರಾಮು ಬಾವಿಕಟ್ಟೆಯಲ್ಲಿ ಜಾರಿ ಬೀಳಲಿಲ್ಲ ರೀ.”

“ಏನು?”

“ನಮ್ಮಣ್ಣ. ಬಸ್ಸು ಹಿಡಿಯೋಕೆ ಓಡ್ತಾ ಇದ್ದ. ರಸ್ತೆಯಲ್ಲೇ ಬಿದ್ದ. ಎದ್ದೇಳಲಿಲ್ಲ.”

ಶಿವರಾಮು ಪದ್ಮ ಅವರ ಅಣ್ಣ, ಮೈಸೂರಿನಲ್ಲಿ ಬ್ಯಾಂಕಿನ ನೌಕರ. ಸತ್ತಾಗ ಮೂವತ್ತೊಂದು ವರ್ಷ, ಪದ್ಮ ಅವರಿಗೆ ಹತ್ತೊಂಬತ್ತು. ಮದುವೆಗೆ ಬಂದ ಹೆಣ್ಣುಮಕ್ಕಳು ಮೂವರಿದ್ದರು. ಎದೆಯ ರೋಗದ ಮನೆ ಎಂದು ಹೆಸರಾದರೆ ಯಾರು ಹೆಣ್ಣು ಕೇಳಲು ಬರುತ್ತಾರೆ ಎಂದು ಅವರ ತಂದೆ ಹದಿಮೂರನೆಯ ದಿನ ಮಕ್ಕಳನ್ನೆಲ್ಲ ಕೂರಿಸಿಕೊಂಡು ಇನ್ನು ಮುಂದೆ ಏನು ಹೇಳಬೇಕು ಎಂಬುದನ್ನು ಹೇಳಿಕೊಟ್ಟರು. ಬಾವಿಕಟ್ಟೆ, ಪಾಚಿ, ಕಾಲು ಜಾರಿತು. ಮೂವರಿಗೂ ಒಳ್ಳೆಯ ಮನೆ ಸಿಕ್ಕಿತು. ಮೂವತ್ತು ವರ್ಷ ಹೇಳಿ ಹೇಳಿ ಪದ್ಮ ಅವರ ಕಣ್ಣಿಗೆ ಆ ಬಾವಿಯ ಪಾಚಿಯೇ ಕಾಣುತ್ತಿತ್ತಂತೆ. ಮಗ ಮೈದಾನದಲ್ಲಿ ಓಡುವುದನ್ನು ಮಾತ್ರ ನೋಡಲಾಗುತ್ತಿರಲಿಲ್ಲ. ಯಾಕೆಂದು ತಮಗೆ ತಾವೇ ಕೇಳಿಕೊಂಡಿರಲಿಲ್ಲ.

ಮರುದಿನ ಗೋಪಿ ಡಾಕ್ಟರು ಫೋನಿನಲ್ಲಿ ಅಳುವ ದನಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. “ಎಂಟು ವರ್ಷ ಅವನ ಎದೆ ಮೇಲೆ ಕೈಯಿಟ್ಟಿದೀನಿ ಪದ್ಮ. ಒಂದು ಸಲ ಕೂತು ಕೇಳಬೇಕಿತ್ತು. ಕೇಳಿದ್ರೆ ಹೇಳ್ತಿದ್ರಾ?”

“ಗೊತ್ತಿಲ್ಲ” ಎಂದರು ಪದ್ಮ.

ಹೀಗೆ ಆಶ್ರಿತನ ವೃತ್ತಿಜೀವನ ಮುಗಿಯಿತು. ಏಳು ಪಂದ್ಯ. ಮುಂದಿನ ವರ್ಷ ಆ ಲೀಗೂ ನಡೆಯಲಿಲ್ಲ.

ಎದೆಯೊಳಗೆ ಒಂದು ಯಂತ್ರ ಕೂರಿಸಬೇಕು, ಹೃದಯ ತಪ್ಪಿದರೆ ಅದೇ ಸರಿಮಾಡುತ್ತದೆ ಎಂದು ಡಾಕ್ಟರು ಹೇಳಿದ್ದರು. ವಿಮೆ ಇರಲಿಲ್ಲ. ಅರ್ಜಿ ಹಾಕಿದರೆ ತಿರಸ್ಕರಿಸಿದರು. ಇನ್ನೊಂದು ಕಡೆ ಒಪ್ಪಿಗೆ ಸಿಗುವಾಗ ಆಗಸ್ಟ್ ಮುಗಿದಿತ್ತು. ಮೊದಲೇ ಇರುವ ಕಾಯಿಲೆಗೆ ಆರು ತಿಂಗಳು ಕಾಯಬೇಕು ಎಂಬ ನಿಯಮ. ೨೦೧೦ರ ಮಾರ್ಚ್ ಒಂದರವರೆಗೆ ಮಾತ್ರೆ, ಎಚ್ಚರಿಕೆ. ಅವನು ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಪುಟ್ಟ ಫುಟ್‌ಬಾಲ್ ಬರೆದಿಟ್ಟಿದ್ದ.

ಕೂಟದವರಿಗೆ ಮಂಡಿಗೆ ಪೆಟ್ಟಾಗಿದೆ ಎಂದು ಹೇಳಿದರು. ಮತ್ತೆ ಅದೇ. ಮಗನಿಗೆ ಮದುವೆಯಾಗಬೇಕು, ಹದಿನಾರರ ತನಿಷಾಗೂ ಮುಂದೆ ಆಗಬೇಕು. ಆಶ್ರಿತ್ ತಾಯಿಯ ಮಾತಿಗೆ ದೀಪಾವಳಿ ಕಾರ್ಯಕ್ರಮದಲ್ಲಿ ಕುಂಟಿದ. ಊಟದ ಸಾಲಿನಲ್ಲಿ ಆಂಟಿಯೊಬ್ಬರು ಹಿಡಿದರು.

“ಬೆಳಿಗ್ಗೆ ಎಡಗಾಲು ಕುಂಟ್ತಿದ್ದೆಯಲ್ಲಪ್ಪ?”

“ಎರಡೂ ಒಂದೊಂದ್ಸಲ ನೋಯತ್ತೆ ಆಂಟಿ” ಎಂದು ಹೇಳಿ ನನ್ನತ್ತ ಕಣ್ಣು ಹೊಡೆದ. ಮನೆಗೆ ಬರುವಾಗ ಕಾರಿನಲ್ಲಿ ನಗಲಿಲ್ಲ. “ತನಿಷಾನ ಟೆಸ್ಟ್ ಮಾಡಿಸಿ ಅಂತ ಡಾಕ್ಟರ್ ಜೂನಲ್ಲೇ ಹೇಳಿದ್ರು ಮೇಷ್ಟ್ರೇ. ಅಮ್ಮ ಪರೀಕ್ಷೆ ಮುಗೀಲಿ ಅಂತಾಳೆ, ಆಮೇಲೆ ಇನ್ನೊಂದು ಪರೀಕ್ಷೆ ಬರತ್ತೆ. ಅವಳು ದಿನಾ ಓಡ್ತಾಳೆ” ಎಂದ. ತನಿಷಾ ಶಾಲೆಯ ಓಟದ ತಂಡದಲ್ಲಿದ್ದಳು. ಅಣ್ಣನ ಕಾಯಿಲೆಯ ನಿಜ ಅವಳಿಗೂ ಹೇಳಿರಲಿಲ್ಲ. ಅವಳಿಗೆ ಸರ್ಕಾರದ ಮಕ್ಕಳ ವಿಮೆ ಇತ್ತು. ಟೆಸ್ಟಿಗೆ ಹೋಗುವುದೊಂದು ಬಾಕಿ.

ಅಂತ್ಯಕ್ರಿಯೆಗೆ ಶಿಕಾಗೋದಿಂದ ಅವನ ತಂಡದ ಐವರು ಬಂದಿದ್ದರು. ಹಿಂದಿನ ಸಾಲಿನಲ್ಲಿ ಮಂಡಿ ಮಡಚಲು ಜಾಗವಿಲ್ಲದೆ ಕೂತಿದ್ದರು. ಅವರಲ್ಲೊಬ್ಬ ಪದ್ಮ ಅವರ ಕೈ ಹಿಡಿದು, ನನ್ನ ಹೆಸರು ಎಷ್ಟು ಸಲ ಮೈಕಿನಲ್ಲಿ ಬಂತೋ ಅಷ್ಟೂ ಸಲ ನಿಮ್ಮ ಮಗ ನನ್ನ ಮುಂದೆ ಇದ್ದ ಎಂದ. ತನಿಷಾಳ ಹೃದಯದ ಪರೀಕ್ಷೆ ಮಾರ್ಚಿನಲ್ಲಿ ಆಯಿತು. ಅವಳ ಹೃದಯದ ಗೋಡೆಯೂ ಸ್ವಲ್ಪ ದಪ್ಪವಾಗಿದೆ. ಡಾಕ್ಟರ ನಿಗಾದಲ್ಲಿದ್ದಾಳೆ, ಓಡುವುದಿಲ್ಲ, ಆರೋಗ್ಯವಾಗಿದ್ದಾಳೆ.

ಫೆಬ್ರವರಿ ಒಂಬತ್ತರ ಬೆಳಗ್ಗಿನದನ್ನು ಪದ್ಮ ಅವರು ಹೇಳಿದಂತೆ ಬರೆಯುತ್ತೇನೆ.

ಚಂದ್ರಮೌಳಿ ಇಂಟರ್‌ವ್ಯೂಗೆ ಹೋಗಿದ್ದರು. ಒಂಬತ್ತೂವರೆಗೆ ಶಾಲೆಯಿಂದ ತನಿಷಾ ಫೋನ್ ಮಾಡಿ, ಓಟದ ತಂಡದ ಫಾರಂ ಮೇಜಿನ ಮೇಲೆ ಮರೆತಿದ್ದೇನೆ, ಹನ್ನೊಂದರೊಳಗೆ ಆಫೀಸಿಗೆ ಬರದಿದ್ದರೆ ನನ್ನನ್ನು ಸೇರಿಸುವುದಿಲ್ಲ ಎಂದಳು. ಆಶ್ರಿತ್ ಜಾಕೆಟ್ ಹಾಕಿಕೊಂಡು ಫಾರಂ ಕೈಗೆತ್ತಿಕೊಂಡ. ಓದಿದ. ಡಾಕ್ಟರ ಬದಿಗೆ ಈ ಸಲ ಗೋಪಿಯವರದಲ್ಲ, ಬೇರೊಬ್ಬರ ಸಹಿ ಇತ್ತು. ಜಾಕೆಟ್ ತೆಗೆದು ಕುರ್ಚಿಯ ಮೇಲಿಟ್ಟು ಕೂತ.

“ಅಮ್ಮಾ, ಇಲ್ಲಿ ಇಲ್ಲ ಅಂತ ಹಾಕಿದೀಯ.”

“ಯಾವಾಗಲೂ ಹಾಗೇ ಹಾಕೋದು.”

“ನನಗೂ ಹಾಗೇ ಹಾಕಿದ್ದೆ.”

ಪದ್ಮ ಅವರು ನಲ್ಲಿ ನಿಲ್ಲಿಸಿದರು. “ಹೌದು ಅಂತ ಬರೆದ್ರೆ ಅವಳನ್ನ ಓಡಿಸಲ್ಲ ಕಣೋ. ಅವಳು ನನ್ನ ಮುಖ ನೋಡಲ್ಲ. ಊರಿಗೆಲ್ಲ ಗೊತ್ತಾಗತ್ತೆ. ನಾಳೆ ಅವಳಿಗೊಂದು ಮದುವೆ…”

“ಕೋಪ ಮಾಡ್ಕೊಳ್ಳಲಿ ಬಿಡು. ಇರ್ತಾಳಲ್ಲ, ಕೋಪ ಮಾಡ್ಕೊಳ್ಳೋಕೆ.”

ಅವನು ಪೆನ್ನು ತೆಗೆದ.

“ಮಾಮ ಹೇಗಿದ್ದ ಅಮ್ಮ?”

“ನಿನ್ನ ಥರಾನೇ. ಬಾಗಿಲಲ್ಲಿ ಬಗ್ಗಿ ಬರ್ತಿದ್ದ. ನನ್ನ ಸೈಕಲ್ ಮೇಲೆ ಕೂರಿಸ್ಕೊಂಡು ಕಾಲೇಜಿಗೆ ಬಿಡ್ತಿದ್ದ.” ಮಗನಿಗೆ ತಮ್ಮಣ್ಣನ ಬಗ್ಗೆ ಅವರು ಅಷ್ಟು ಹೇಳಿದ್ದು ಅದೇ ಮೊದಲು.

‘ಇಲ್ಲ’ ಎಂಬ ಗುರುತನ್ನು ಹೊಡೆದುಹಾಕಿ ‘ಹೌದು’ ಎಂಬಲ್ಲಿ ಗುರುತು ಹಾಕಿದ. ಪಕ್ಕದ ಖಾಲಿ ಜಾಗದಲ್ಲಿ ಬರೆದ: ತಾಯಿಯ ಅಣ್ಣ, ಶಿವರಾಮು, ೩೧. ಅದರ ಕೆಳಗಿನ ಪ್ರಶ್ನೆ, ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇದೆಯೇ ಎಂಬುದಕ್ಕೂ ‘ಹೌದು’ ಎಂದು ಹಾಕಿ ಬರೆದ: ಅಣ್ಣ, ಆಶ್ರಿತ್, ೨೪. ತಿದ್ದಿದ ಕಡೆ ಅಮ್ಮನಿಂದ ಸಹಿ ಮಾಡಿಸಿಕೊಂಡ. ಅವರ ಸಹಿ ಗೆರೆಯಿಂದ ಕೆಳಗಿಳಿಯಿತು. “ಪರವಾಗಿಲ್ಲ, ಓದೋಕಾಗತ್ತೆ” ಎಂದ.

ಶಾಲೆಯ ಆಫೀಸಿನ ಕಿಟಕಿಯಲ್ಲಿದ್ದ ಹೆಂಗಸು ಆಮೇಲೆ ನನಗೆ ಹೇಳಿದರು. ಫಾರಂ ತೆಗೆದುಕೊಂಡು ಟ್ರೇಯಲ್ಲಿ ಹಾಕಲು ಹೋದಾಗ ಅವನು, ದಯವಿಟ್ಟು ಆ ಬದಿಯನ್ನೊಮ್ಮೆ ಓದಿ ಎಂದನಂತೆ. ಅವರು ಓದಿದರು. ಹೃದಯದ ಪರೀಕ್ಷೆಯಾಗುವವರೆಗೆ ಈ ಹುಡುಗಿಯನ್ನು ಓಡಲು ಬಿಡುವುದಿಲ್ಲ, ಗೊತ್ತಲ್ಲವೇ ಎಂದು ಕೇಳಿದರು. ಗೊತ್ತು ಎಂದ. ಅವರು ಮೊಹರು ಒತ್ತಿ, ತಾರೀಖು, ಹತ್ತು ಇಪ್ಪತ್ತೈದು ಎಂಬ ಸಮಯ ಬರೆಯುವವರೆಗೂ ಅವನು ಎರಡು ಕೈಯನ್ನೂ ಕಿಟಕಿಯ ಕಟ್ಟೆಯ ಮೇಲೂರಿ ನಿಂತೇ ಇದ್ದ.